ಎಚ್‌ಎಂಒ ಲೈಸೆನ್ಸ್: ಶುಲ್ಕ ಪರವಾಗಿಲ್ಲ, ಷರತ್ತು ಓದಿಕೊಳ್ಳಿ

ಬೇರೆ ಬೇರೆ ಕುಟುಂಬದ ಐದು ಅಥವಾ ಅದಕ್ಕಿಂತ ಹೆಚ್ಚು ಜನ ಒಂದೇ ಅಡುಗೆಮನೆ, ಬಚ್ಚಲು ಬಳಸುವ ಬಾಡಿಗೆ ಮನೆಗೆ ಇಂಗ್ಲೆಂಡಿನಲ್ಲಿ ಎಚ್‌ಎಂಒ (ಹೌಸ್ ಇನ್ ಮಲ್ಟಿಪಲ್ ಆಕ್ಯುಪೇಷನ್, ಅಂದರೆ ಹಲವು ಕುಟುಂಬದವರು ಹಂಚಿಕೊಂಡಿರುವ ಮನೆ) ಲೈಸೆನ್ಸ್ ಕಡ್ಡಾಯ. ಮೂರು ಅಂತಸ್ತಿನ ಮನೆಗೆ ಮಾತ್ರ ಎನ್ನುವ ಹಳೆಯ ನಿಯಮ 2018ರ ಅಕ್ಟೋಬರ್ 1ಕ್ಕೇ ಹೋಯಿತು. ಕೆಲವು ಕೌನ್ಸಿಲ್‌ಗಳು (ಲೈಸೆನ್ಸ್ ಕೊಡುವ ಸ್ಥಳೀಯ ಆಡಳಿತ) ಮೂರ್ನಾಲ್ಕು ಜನರಿರುವ ಮನೆಗೂ ಲೈಸೆನ್ಸ್ ಕೇಳುತ್ತವೆ. ಹಾಗಾಗಿ ಪಕ್ಕದ ಊರಿನವರ ಅನುಭವ ನಂಬಿ ಕೂರಬೇಡಿ.

ಶುಲ್ಕವನ್ನು ಎರಡು ಕಂತಿನಲ್ಲಿ ಕಟ್ಟಬೇಕು. ಮೊದಲನೆಯದು ಅರ್ಜಿ ಪರಿಶೀಲನೆಗೆ. ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಎರಡನೆಯದು ಲೈಸೆನ್ಸ್ ಮಂಜೂರಾಗುವ ಹೊತ್ತಿಗೆ. ದರ ಕೌನ್ಸಿಲ್‌ನಿಂದ ಕೌನ್ಸಿಲ್‌ಗೆ ಬದಲು, ಕೆಲವೆಡೆ ರೂಮಿನ ಲೆಕ್ಕದಲ್ಲಿ ಏರುತ್ತದೆ. ಆದರೆ ನೋಡಬೇಕಾದದ್ದು ಅವಧಿ. ಗರಿಷ್ಠ ಐದು ವರ್ಷ. ನಿರ್ವಹಣೆಯ ಬಗ್ಗೆ ಅನುಮಾನ ಬಂದರೆ ಒಂದೇ ವರ್ಷಕ್ಕೆ ಕೊಡುವುದೂ ಉಂಟು. 1,000 ಪೌಂಡ್ ಕಟ್ಟಿದ್ದೀರಿ ಎನ್ನಿ: ಐದು ವರ್ಷ ಸಿಕ್ಕರೆ ವರ್ಷಕ್ಕೆ 200, ಒಂದೇ ವರ್ಷವಾದರೆ ಪೂರ್ತಿ 1,000.

ನಿಜವಾದ ಹೊಡೆತ ಬೀಳುವುದು ರೂಮಿನ ಅಳತೆಯಲ್ಲಿ. ಹತ್ತು ವರ್ಷ ದಾಟಿದ ಒಬ್ಬರು ಮಲಗುವ ಕೋಣೆ ಕನಿಷ್ಠ 6.51 ಚದರ ಮೀಟರ್, ಇಬ್ಬರದ್ದಾದರೆ 10.22. ಅಟ್ಟದ ರೂಮಿನವರು ಎಡವುವುದು ಇಲ್ಲೇ: ಸೂರಿನ ಎತ್ತರ 1.5 ಮೀಟರಿಗಿಂತ ಕಡಿಮೆ ಇರುವ ಜಾಗ ಲೆಕ್ಕಕ್ಕೇ ಬರುವುದಿಲ್ಲ. ನೆಲ ಅಳೆದಾಗ ಎಂಟು ಬಂದ ಕೋಣೆ ಅಧಿಕಾರಿಯ ಟೇಪಿನಲ್ಲಿ ಆರಕ್ಕೆ ಇಳಿದೀತು, ಒಂದು ಬಾಡಿಗೆ ಕೈತಪ್ಪೀತು. ಇದರ ಮೇಲೆ ಫೈರ್ ಡೋರ್, ಒಂದಕ್ಕೊಂದು ಜೋಡಿಸಿದ ಅಲಾರಂ, ಕೀಲಿ ಇಲ್ಲದೆ ಒಳಗಿನಿಂದ ತೆರೆಯುವ ಬೀಗ. ಗ್ಯಾಸ್ ತಪಾಸಣೆ ಪ್ರತಿ ವರ್ಷ, ವಿದ್ಯುತ್ ತಪಾಸಣೆ ಐದು ವರ್ಷಕ್ಕೊಮ್ಮೆಯಾದರೂ ಆಗಬೇಕು. ಇವೆಲ್ಲದರ ಮುಂದೆ ಶುಲ್ಕ ಚಿಲ್ಲರೆ.

ಕೌನ್ಸಿಲ್‌ಗಳ ಲೈಸೆನ್ಸ್ ಸೇವೆಯ ವಿಷಯಕ್ಕೆ ಬಂದರೆ, ಐದಕ್ಕೆ ಮೂರು ಅಂಕ. ನಿಯಮ ಸ್ಪಷ್ಟ, ವೇಗ ಮಾತ್ರ ಕೌನ್ಸಿಲ್‌ನ ಮರ್ಜಿ. ತಡವಾದರೂ ಗಾಬರಿ ಬೇಡ: ಸರಿಯಾಗಿ ಸಲ್ಲಿಸಿದ ಅರ್ಜಿ ಬಾಕಿಯಿದ್ದಾಗ ಲೈಸೆನ್ಸ್ ಇಲ್ಲದ ಅಪರಾಧಕ್ಕೆ ಅದೇ ರಕ್ಷಣೆ. 'ಸರಿಯಾಗಿ' ಎಂದರೆ ದಾಖಲೆಯೂ ಶುಲ್ಕವೂ ಪೂರ್ತಿ ಇರಬೇಕು; ನಕ್ಷೆ ಆಮೇಲೆ ಕಳಿಸುತ್ತೇನೆಂದು ಅರ್ಧ ಅರ್ಜಿ ಹಾಕಿದವರಿಗೆ ಈ ರಕ್ಷಣೆ ಸಿಗುವ ಭರವಸೆಯಿಲ್ಲ. ಸಾಲ ಕೊಟ್ಟ ಬ್ಯಾಂಕಿಗೂ ಅರ್ಜಿಯ ವಿಷಯ ತಿಳಿಸಬೇಕು. ಪ್ಲ್ಯಾನಿಂಗ್ ಅನುಮತಿಯ ದಾರಿಯೇ ಬೇರೆ, ಲೈಸೆನ್ಸ್ ಸಿಕ್ಕಿತೆಂದರೆ ಅದೂ ಸಿಕ್ಕಿತೆಂದಲ್ಲ.

ಲೈಸೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ ಬಾಡಿಗೆದಾರರು ಟ್ರಿಬ್ಯೂನಲ್‌ಗೆ ಹೋಗಿ ಬಾಡಿಗೆ ವಾಪಸ್ ಕೇಳಬಹುದು. ಅದರ ಮಿತಿಯನ್ನು 2025ರ ಬಾಡಿಗೆದಾರರ ಹಕ್ಕುಗಳ ಕಾಯಿದೆ (ರೆಂಟರ್ಸ್ ರೈಟ್ಸ್ ಆ್ಯಕ್ಟ್) 12 ತಿಂಗಳ ಬಾಡಿಗೆಯಿಂದ 24 ತಿಂಗಳಿಗೆ ಏರಿಸಿದೆ.

ಮನೆ ಮಾರಿದರೆ ಲೈಸೆನ್ಸ್ ಕೊಂಡವರ ಹೆಸರಿಗೆ ಹೋಗುವುದಿಲ್ಲ. ಅವರು ಹೊಸದಾಗಿ ಅರ್ಜಿ ಹಾಕಬೇಕು. ಹಂಚಿಕೆ ಬಾಡಿಗೆಯನ್ನೇ ನಿಲ್ಲಿಸುವವರು ಮೂರು ತಿಂಗಳ ತಾತ್ಕಾಲಿಕ ವಿನಾಯಿತಿ ಕೇಳಬಹುದು. ವಿಶೇಷ ಕಾರಣವಿದ್ದರೆ ಇನ್ನೂ ಮೂರು ತಿಂಗಳು, ಅಷ್ಟೇ.