ಕೋಸ್ತಾ ಬ್ರಾವಾದಲ್ಲಿ ಕಾರು ತಗೊಂಡರೆ ಎಲ್ಲಿ ಉಳಿಯೋದು? ತೋಸ್ಸಾ, ಪಲಾಫ್ರುಜೆಲ್, ಕದಾಕೆಸ್ ಮೂರನ್ನೂ ನೋಡಿ ಬಂದೆವು

ಮ್ಯಾಪಿನಲ್ಲಿ ನೋಡಿದರೆ ಕೋಸ್ತಾ ಬ್ರಾವಾ ತುಂಬಾ ಸುಲಭ ಅನ್ನಿಸುತ್ತದೆ. ಸ್ಪೇನಿನ ಈಶಾನ್ಯ ಮೂಲೆಯಲ್ಲಿ, ಬ್ಲಾನೆಸ್ ಊರಿಂದ ಫ್ರಾನ್ಸ್ ಗಡಿಯ ಪೋರ್ತ್‌ಬೌವರೆಗೆ ಇರುವ ಕರಾವಳಿ ಇದು. ಸಮುದ್ರದ ಪಕ್ಕದಲ್ಲೇ ಕಾರು ಓಡಿಸಿಕೊಂಡು, ಚೆಂದ ಕಂಡಲ್ಲಿ ನಿಲ್ಲಿಸಿಕೊಂಡು ಹೋದರಾಯಿತು ಅಂತ ಮನೆಯಲ್ಲಿ ಕೂತು ಲೆಕ್ಕ ಹಾಕುತ್ತೇವೆ. ಅಲ್ಲಿನ ರಸ್ತೆಗಳು ಹಾಗಿಲ್ಲ, ಬಾಚಣಿಗೆ ಹಾಗಿವೆ. ಮುಖ್ಯ ರಸ್ತೆ ಸಮುದ್ರದಿಂದ ಒಳಗೆ ಹೋಗುತ್ತದೆ. ಅದರಿಂದ ಒಂದೊಂದು ಬೀಚಿಗೂ ಒಂದೊಂದು ಹಲ್ಲು ಕೆಳಗಿಳಿಯುತ್ತದೆ. ಪಕ್ಕದ ಬೀಚಿಗೆ ಹೋಗಬೇಕಾ? ಮತ್ತೆ ಮೇಲೆ ಹತ್ತಿ, ಸುತ್ತು ಹಾಕಿ, ಇನ್ನೊಂದು ಹಲ್ಲಿನಲ್ಲಿ ಇಳಿಯಿರಿ.

ಹಾಗಾಗಿ ಯಾವ ಊರಲ್ಲಿ ಉಳಿಯುತ್ತೀರಿ ಅನ್ನೋದರ ಮೇಲೆ ಇಲ್ಲಿ ಇಡೀ ರಜೆ ನಿಂತಿದೆ. ನಾವಿಬ್ಬರು ಸೆಪ್ಟೆಂಬರ್ ಕೊನೆಗೆ ಹೋಗಿದ್ದೆವು. ದಕ್ಷಿಣದ ತೋಸ್ಸಾ ದೆ ಮಾರ್, ನಡುವಿನ ಪಲಾಫ್ರುಜೆಲ್, ಉತ್ತರದ ಕದಾಕೆಸ್ ಮೂರೂ ಕಡೆ ತಂಗಿದೆವು. ಸ್ಟೇರಿಂಗ್ ನನ್ನ ಕೈಲಿ, ಮ್ಯಾಪು ನಮ್ಮನೆಯವರ ಕೈಲಿ. ನಾನು ಮೈಸೂರಿನ ಸಸ್ಯಾಹಾರಿ. ಅವರು ಮಂಗಳೂರಿನವರು, ಮೀನಿಲ್ಲದ ಊಟವನ್ನು ಊಟ ಅಂತಲೇ ಒಪ್ಪದವರು. ಮುಂದಿನದನ್ನು ಓದುವಾಗ ಇದು ನೆನಪಿರಲಿ.

ಕಾರಿನ ವಿಷಯ ಬೇಗ ಮುಗಿಸುತ್ತೇನೆ. ಬಾರ್ಸಿಲೋನಾ ಏರ್‌ಪೋರ್ಟಿನಲ್ಲೇ ಕಾರು ಸಿಗುತ್ತದೆ. ಆದರೆ ಬಲಗಡೆ ಓಡಿಸಿ ಅಭ್ಯಾಸ ಇಲ್ಲದವರು ಆ ಊರಿನ ರಿಂಗ್ ರೋಡಿನಲ್ಲಿ ಕಲಿಯಲು ಹೋಗಬೇಡಿ. ಸಾಂತ್ಸ್ ಸ್ಟೇಷನ್ನಿನಲ್ಲಿ ಹೈಸ್ಪೀಡ್ ರೈಲು ಹತ್ತಿದರೆ ನಲವತ್ತು ನಿಮಿಷದೊಳಗೆ ಜಿರೋನಾ ಬರುತ್ತದೆ. ಊರು ಚಿಕ್ಕದು, ಹೊರಗೆ ಬಂದರೆ ರಸ್ತೆ ಖಾಲಿ. ನಾವು ಅಲ್ಲಿ ಕಾರು ತಗೊಂಡೆವು. ನಮ್ಮ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು, ಹೊರಡುವ ಮುಂಚೆ ಆರ್‌ಟಿಒದಲ್ಲಿ ಮಾಡಿಸಿಕೊಳ್ಳಿ. ಸ್ಪೇನಿನಲ್ಲಿ ಬಾಡಿಗೆಗೆ ಜಾಸ್ತಿ ಇರೋದು ಗೇರ್ ಗಾಡಿಗಳು, ಆಟೊಮ್ಯಾಟಿಕ್‌ಗೆ ದುಡ್ಡು ಹೆಚ್ಚು. ಹೆಚ್ಚಾದರೂ ಕೊಡಿ. ಬಲಗೈಯಲ್ಲಿ ಗೇರ್ ಹಾಕುತ್ತಾ, ರೌಂಡ್‌ಅಬೌಟನ್ನು ನಮಗೆ ಗೊತ್ತಿರುವುದಕ್ಕೆ ಉಲ್ಟಾ ಸುತ್ತುತ್ತಾ, ಪಕ್ಕದಿಂದ 'ಎಡಕ್ಕೆ, ಅಲ್ಲ ಬಲಕ್ಕೆ' ಅನ್ನೋದನ್ನೂ ಕೇಳಿಸಿಕೊಳ್ಳುವುದು ಯಾಕೆ? ಕೌಂಟರಿನಲ್ಲಿ ದೊಡ್ಡ ಗಾಡಿಯ ಆಸೆ ತೋರಿಸಿದರು, ಬೇಡ ಅಂದೆವು. ಹಳೇ ಊರುಗಳ ಗಲ್ಲಿಗೆ ಬಂದಾಗ ಅದರ ಬೆಲೆ ಗೊತ್ತಾಯಿತು. ಇನ್ನೊಂದು ಒಳ್ಳೇ ಸುದ್ದಿ: ಈ ಭಾಗದಲ್ಲಿ ಎಪಿ-7 ಹೆದ್ದಾರಿಯ ಟೋಲನ್ನು 2021ರ ಸೆಪ್ಟೆಂಬರಿಗೆ ತೆಗೆದುಬಿಟ್ಟಿದ್ದಾರೆ.

ಮೊದಲು ತೋಸ್ಸಾ. ನೋಟದ ಮಟ್ಟಿಗೆ ಈ ಊರು ಕಾಯಿಸುವುದೇ ಇಲ್ಲ. ಬೀಚಿನ ತುದಿಯ ಗುಡ್ಡದ ಮೇಲೆ ಕೋಟೆ, ಅದರ ಗುಂಡು ಗೋಪುರಗಳು ನೇರ ಸಮುದ್ರಕ್ಕೆ ಮುಖ ಮಾಡಿವೆ. ಮಧ್ಯಯುಗದಲ್ಲಿ ಕಟ್ಟಿದ ಗೋಡೆ. ಒಳಗೆ ಇನ್ನೂ ಮನೆಗಳಿವೆ, ಜನ ಇದ್ದಾರೆ. ಚಿತ್ರಕಾರ ಮಾರ್ಕ್ ಶಗಾಲ್ 1934ರಲ್ಲಿ ಬಂದು ತಂಗಿದ್ದ ಊರು, ಅವನದೊಂದು ಚಿತ್ರ ಕೋಟೆಯೊಳಗಿನ ಮ್ಯೂಸಿಯಮ್ಮಿನಲ್ಲಿದೆ. ಆದರೆ ಕೋಟೆಯಿಂದ ಕೆಳಗಿಳಿದರೆ ಟೋಪಿ ಅಂಗಡಿ, ಐಸ್‌ಕ್ರೀಮ್ ಅಂಗಡಿ, ಐದು ಭಾಷೆಯಲ್ಲಿ ಫೋಟೋ ಸಮೇತ ಮೆನು ಹಿಡಿದು ಕರೆಯುವ ಹೋಟೆಲುಗಳು. ಸಂಜೆ ಟೂರಿಸ್ಟ್ ಬಸ್ಸುಗಳು ಹೋದ ಮೇಲೆ ಊರು ಸ್ವಲ್ಪ ಉಸಿರಾಡುತ್ತದೆ, ನಿಜ. ಆದರೂ ಕಾರಿಟ್ಟುಕೊಂಡು ಇಲ್ಲಿ ಕೂತರೆ ಬೇರೆಲ್ಲವೂ ದೂರ. ಒಳ್ಳೆಯ ಸಣ್ಣ ಊರುಗಳೆಲ್ಲ ಉತ್ತರಕ್ಕಿವೆ, ದಿನಾ ಹೋಗಿ ಬರೋದರಲ್ಲೇ ಸುಸ್ತು.

ತೋಸ್ಸಾದ ನಿಜವಾದ ಆಸ್ತಿ ಅಂದರೆ ಅಲ್ಲಿಂದ ಸಾಂತ್ ಫೆಲಿಯು ದೆ ಗೀಶೋಲ್ಸ್‌ಗೆ ಹೋಗುವ ಜಿಐ-682 ರಸ್ತೆ. ನಾನು ಹೇಳಿದ ಬಾಚಣಿಗೆ ಲೆಕ್ಕಕ್ಕೆ ಸಿಗದೆ, ಸಮುದ್ರದ ಮೇಲೇ ಉದ್ದಕ್ಕೂ ಹೋಗುವ ತುಣುಕು ಇದು. ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ವರ್ಷಕ್ಕೆ ಎಷ್ಟು ದಿನವೋ ಅಷ್ಟು ತಿರುವು, ಅಂದರೆ 365 ಅಂತ ಊರವರು ಹೇಳುತ್ತಾರೆ. ಎಣಿಸುವಷ್ಟು ಪುರುಸೊತ್ತು ನನಗಿರಲಿಲ್ಲ. ಸುಮ್ನೆ ಹೋದರೆ ಮುಕ್ಕಾಲು ಗಂಟೆ, ನಿಂತು ನಿಂತು ಹೋದರೆ ಅರ್ಧ ದಿನ.

ಈ ರಸ್ತೆಯನ್ನು ಎರಡೂ ದಿಕ್ಕಿನಿಂದ ಓಡಿಸಿ ನೋಡಿದೆ. ವ್ಯತ್ಯಾಸ ಸಣ್ಣದಲ್ಲ. ಬಲಗಡೆ ಓಡಿಸುವ ದೇಶ, ಅಲ್ವಾ? ತೋಸ್ಸಾದಿಂದ ಉತ್ತರಕ್ಕೆ ಹೊರಟರೆ ನಿಮ್ಮ ಲೇನು ಸಮುದ್ರದ ಅಂಚಿಗೇ ಇರುತ್ತದೆ. ಬಲಕ್ಕೆ ತಗ್ಗು ಗೋಡೆ, ಅದರಾಚೆ ಪೈನ್ ಮರಗಳ ತಲೆ, ಅದರ ಕೆಳಗೆ ನೀರು. ನಿಲ್ಲುವ ಜಾಗ ಕಂಡರೆ ಹಾಗೇ ಬಲಕ್ಕೆ ಸರಿದು ನಿಲ್ಲಿಸಬಹುದು. ಪಕ್ಕದಲ್ಲಿ ಕೂತವರಿಗೆ ಹಬ್ಬ. ವಾಪಸ್ ದಕ್ಷಿಣಕ್ಕೆ ಬರುವಾಗ ನೀವು ಬಂಡೆಯ ಕಡೆ ಇರುತ್ತೀರಿ. ಎತ್ತರಕ್ಕೆ ಹೆದರುವವರಿಗೆ ಅದೇ ಒಳ್ಳೆಯದು, ಆದರೆ ನಿಲ್ಲಿಸಬೇಕಾದರೆ ಎದುರಿನ ಲೇನು ದಾಟಬೇಕು, ಅದೂ ತಿರುವಿನಲ್ಲಿ. ಬೆಳಿಗ್ಗೆ ಉತ್ತರಕ್ಕೆ ಹೋದರೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಮಧ್ಯಾಹ್ನದ ಮೇಲೆ ಸೂರ್ಯ ಹಿಂದೆ ಬಂದು ಕೆಂಪು ಬಂಡೆಗಳ ಬಣ್ಣ ಬಿಡಿಸುತ್ತದೆ. ಒಂದೇ ಸಲ ಹೋಗುವುದಾದರೆ ಮಧ್ಯಾಹ್ನದ ಮೇಲೆ, ತೋಸ್ಸಾದಿಂದ ಉತ್ತರಕ್ಕೆ ಹೋಗಿ.

ಸೈಕಲ್‌ನವರ ಬಗ್ಗೆ ಒಂದು ಮಾತು. ಜಿರೋನಾ ಸುತ್ತಮುತ್ತ ವೃತ್ತಿಪರ ಸೈಕಲ್ ಸವಾರರು ಬೀಡುಬಿಟ್ಟು ತರಬೇತಿ ಮಾಡುತ್ತಾರೆ. ಈ ರಸ್ತೆ ಅವರಿಗೆ ಅಂಗಳ. ದಾಟುವಾಗ ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡಬೇಕು ಅಂತ ಕಾನೂನೇ ಇದೆ. ಇಳಿಜಾರಿನಲ್ಲಿ ಅವರೇ ನಮ್ಮನ್ನು ಬಿಟ್ಟು ಹೋದರು, ಆ ಮಾತು ಬೇರೆ.

ಇನ್ನು ಪಲಾಫ್ರುಜೆಲ್. ಹೆಸರು ಕೇಳಿದವರು ಕಡಿಮೆ, ಯಾಕೆಂದರೆ ಊರಲ್ಲಿ ಸಮುದ್ರವೇ ಇಲ್ಲ. ನಾಲ್ಕೈದು ಕಿಲೋಮೀಟರ್ ಒಳಗಿದೆ. ಒಂದು ಕಾಲಕ್ಕೆ ಬಾಟಲಿಯ ಕಾರ್ಕ್ ಮಾಡಿ ದುಡ್ಡು ಕಂಡ ಊರು, ಈಗ ಕಾರ್ಕಿಗೇ ಒಂದು ಮ್ಯೂಸಿಯಂ ಇಟ್ಟಿದ್ದಾರೆ. ಭಾನುವಾರ ಸಂತೆ. ತರಕಾರಿ ಚೀಲ ಹಿಡಿದ ಅಜ್ಜಿಯರು, ಸ್ಕೂಲ್ ಬಿಟ್ಟ ಮಕ್ಕಳು, ಮಾಮೂಲಿ ಔಷಧಿ ಅಂಗಡಿ. ರಾತ್ರಿ ಕಾರು ನಿಲ್ಲಿಸಲು ತಲೆಕೆಡಿಸಿಕೊಳ್ಳಲಿಲ್ಲ. ನಾವು ಉಳಿದ ಕೋಣೆಯ ಕಿಟಕಿಯಿಂದ ಕಾಣುತ್ತಿದ್ದದ್ದು ಎದುರು ಮನೆಯ ಬಟ್ಟೆ ಹಗ್ಗ. 'ಇದಕ್ಕಾ ಇಷ್ಟು ದೂರ ಬಂದದ್ದು?' ಅಂತ ನಮ್ಮನೆಯವರು ಕೇಳಿಯೇ ಬಿಟ್ಟರು.

ಆದರೆ ಬಾಚಣಿಗೆಯ ಬೆನ್ನಲ್ಲಿ ಕೂತರೆ ಎಲ್ಲಾ ಹಲ್ಲೂ ಹತ್ತಿರ. ಕಲೆಯಾ, ಯಾಫ್ರಾಂಕ್, ತಮರಿಯು ಮೂರು ಬೀಚುಗಳಿಗೂ ಇಲ್ಲಿಂದಲೇ ರಸ್ತೆ ಇಳಿಯುತ್ತದೆ. ಜಿಪಿಎಸ್‌ಗೆ ಹಾಕುವಾಗ ಮಾತ್ರ 'ಕಲೆಯಾ ದೆ ಪಲಾಫ್ರುಜೆಲ್' ಅಂತ ಪೂರ್ತಿ ಹಾಕಿ. ಬರೀ ಕಲೆಯಾ ಅಂದರೆ ಬಾರ್ಸಿಲೋನಾ ಕಡೆ ಇರುವ ಬೇರೊಂದು ದೊಡ್ಡ ಊರಿಗೆ ಕರೆದುಕೊಂಡು ಹೋಗುತ್ತದೆ. ಸ್ವಲ್ಪ ಮೇಲಕ್ಕೆ ಬೆಗುರ್. ಹೌದು, ನಮ್ಮ ಬೇಗೂರಿನ ಹಾಗೇ ಕೇಳಿಸುತ್ತದೆ. ಕ್ಯೂಬಾಕ್ಕೆ ಹೋಗಿ ದುಡಿದು ಬಂದವರು ಕಟ್ಟಿಸಿದ ದೊಡ್ಡ ಮನೆಗಳು ಇಲ್ಲಿವೆ. ಬೆಗುರ್‌ನಿಂದ ಸಾ ತೂನಾ, ಐಗ್ವಾಬ್ಲಾವಾ ಬೀಚುಗಳ ಕಡೆ ಇಳಿಯುವ ರಸ್ತೆಗಳು ಕಡಿದಾಗಿವೆ, ಕೆಳಗೆ ಪಾರ್ಕಿಂಗ್ ಬೆರಳೆಣಿಕೆ. ಹತ್ತು ಗಂಟೆ ಒಳಗೆ ಹೋದರೆ ಜಾಗ, ತಡವಾದರೆ ಬಂದ ದಾರಿಗೆ ಸುಂಕ ಇಲ್ಲ.

ಈ ಭಾಗದಲ್ಲಿ ನಮಗೆ ಸಿಕ್ಕ ದೊಡ್ಡ ಖುಷಿ ಕಾರಿನದಲ್ಲ, ಕಮೀ ದೆ ರೋಂದಾ ಅನ್ನುವ ಕಾಲುದಾರಿಯದು. ಕಳ್ಳಸಾಗಣೆ ಹಿಡಿಯಲು ಕಾವಲುಗಾರರು ತಿರುಗುತ್ತಿದ್ದ ದಾರಿ ಇದು. ಕಾರು ರಸ್ತೆ ಮಾಡದ ಕೆಲಸವನ್ನು ಇದು ಮಾಡುತ್ತದೆ, ಅಂದರೆ ಸಮುದ್ರದ ಅಂಚನ್ನು ಬಿಡುವುದೇ ಇಲ್ಲ. ಕಲೆಯಾದಲ್ಲಿ ಕಾರು ನಿಲ್ಲಿಸಿ ಯಾಫ್ರಾಂಕ್‌ಗೆ ನಡೆದರೆ ಅರ್ಧ ಗಂಟೆ. ಬಂಡೆ ಕಡಿದು ಮಾಡಿದ ಮೆಟ್ಟಿಲು, ಪಕ್ಕದಲ್ಲಿ ಕಟಕಟೆ. ಕೆಳಗೆ ಬಗ್ಗಿ ನೋಡಿದರೆ ನೀರಿನ ತಳದ ಕಲ್ಲೂ ಕಾಣುತ್ತದೆ, ದೋಣಿಯ ನೆರಳು ಆ ಕಲ್ಲಿನ ಮೇಲೆ ಆಡುತ್ತಿರುತ್ತದೆ. ಕಾಲಲ್ಲಿ ಶಕ್ತಿ ಇದ್ದರೆ ಯಾಫ್ರಾಂಕ್‌ನಿಂದ ಮೇಲಕ್ಕೆ ಹತ್ತಿ ಸಾಂತ್ ಸೆಬಾಸ್ತಿಯಾ ದೀಪಸ್ತಂಭದವರೆಗೂ ಹೋಗಿ. 1857ರದ್ದು. ಅಲ್ಲಿಂದ ಇಡೀ ಕರಾವಳಿ ಕಾಣುತ್ತದೆ.

ಸಮುದ್ರ ಸಾಕಾದರೆ ಇಪ್ಪತ್ತು ನಿಮಿಷದ ದಾರಿಯಲ್ಲಿ ಪಾಲ್ಸ್, ಪೆರಾತಲ್ಯಾದಾ ಅನ್ನುವ ಕಲ್ಲಿನ ಹಳ್ಳಿಗಳಿವೆ. ಪಾಲ್ಸ್ ಸುತ್ತ ಭತ್ತದ ಗದ್ದೆ. ನಾವು ಹೋದಾಗ ಕೊಯ್ಲಿನ ಸಮಯ, ಗದ್ದೆಯೆಲ್ಲ ಹೊಂಬಣ್ಣ. ಸ್ಪೇನಿಗೆ ಬಂದು ಭತ್ತದ ಗದ್ದೆ ಎದುರು ಕಾರು ನಿಲ್ಲಿಸಿ ಫೋಟೋ ತೆಗೆದುಕೊಂಡವರು ನಾವಿಬ್ಬರೇ ಇರಬೇಕು.

ಕದಾಕೆಸ್ ಬೇರೆಯೇ ಲೋಕ. ರೋಸೆಸ್ ಊರು ದಾಟಿದ ಮೇಲೆ ರಸ್ತೆ ಬೋಳು ಗುಡ್ಡ ಹತ್ತುತ್ತದೆ. ಎರಡೂ ಕಡೆ ಕಲ್ಲು ಜೋಡಿಸಿ ಕಟ್ಟಿದ ಮೆಟ್ಟಿಲು ಹೊಲಗಳು, ಹೆಚ್ಚಿನವು ಪಾಳು. ಹಿಂದೆ ಎಲ್ಲವೂ ದ್ರಾಕ್ಷಿ ತೋಟ. 19ನೇ ಶತಮಾನದ ಕೊನೆಗೆ ಫಿಲೊಕ್ಸೆರಾ ಅನ್ನುವ ಹುಳ ಬೇರು ತಿಂದು ತೋಟಗಳನ್ನೆಲ್ಲ ಮುಗಿಸಿತು, ಗೋಡೆಗಳು ಉಳಿದವು. ಈ ರಸ್ತೆಗೂ ತಿರುವು ಕಮ್ಮಿ ಇಲ್ಲ, ಆದರೆ ಜಿಐ-682 ಹಾಗೆ ಪ್ರತಿ ತಿರುವಿಗೂ ಸಮುದ್ರ ತೋರಿಸುವುದಿಲ್ಲ. ಕೊನೆಗೊಮ್ಮೆ ಗುಡ್ಡದ ಮೇಲಿಂದ ಬಿಳಿ ಊರು ಒಟ್ಟಿಗೇ ಕಾಣಿಸುತ್ತದೆ.

ಊರೊಳಗೆ ಕಾರಿಗೆ ಕೆಲಸವಿಲ್ಲ. ಹೊರಗಿನ ಪಾರ್ಕಿಂಗಿನಲ್ಲಿ ದುಡ್ಡು ಕೊಟ್ಟು ಬಿಟ್ಟು, ಸೂಟ್‌ಕೇಸ್ ಎಳೆದುಕೊಂಡು ನಡೆಯಬೇಕು. ಗಲ್ಲಿಗಳಿಗೆ ಹಾಸಿರುವುದು ಸಮುದ್ರದಂಡೆಯ ಚಪ್ಪಟೆ ಕಲ್ಲುಗಳನ್ನು ಅಂಚು ಮೇಲೆ ಮಾಡಿ ನಿಲ್ಲಿಸಿದ ನೆಲ. ಸೂಟ್‌ಕೇಸಿನ ಚಕ್ರ ಅದರ ಮೇಲೆ ಮಾಡುವ ಸದ್ದಿಗೆ ಇಡೀ ಬೀದಿಗೆ ಗೊತ್ತಾಗುತ್ತದೆ, ಹೊಸಬರು ಬಂದರು ಅಂತ. ಬ್ಯಾಕ್‌ಪ್ಯಾಕ್ ಒಯ್ಯಿರಿ. ಪಕ್ಕದ ಪೋರ್ತ್‌ಯಿಗಾತ್‌ನಲ್ಲಿ ಚಿತ್ರಕಾರ ಸಾಲ್ವದೋರ್ ದಾಲಿಯ ಮನೆ. 1930ರಲ್ಲಿ ಒಂದು ಮೀನುಗಾರರ ಗುಡಿಸಲಿನಿಂದ ಶುರುಮಾಡಿ, ಪಕ್ಕದವುಗಳನ್ನೂ ಸೇರಿಸಿಕೊಳ್ಳುತ್ತಾ ಬೆಳೆಸಿದ್ದು. ಸಣ್ಣ ಸಣ್ಣ ಗುಂಪಾಗಿ ಬಿಡುತ್ತಾರೆ, ಹಾಗಾಗಿ ಟಿಕೆಟ್ ಮುಂಚೆಯೇ ಬುಕ್ ಮಾಡಿ. ಒಳನಾಡಿನ ಫಿಗೆರೆಸ್ ಊರಿನಲ್ಲಿ 1974ರಲ್ಲಿ ತೆರೆದ ಅವನ ದೊಡ್ಡ ಮ್ಯೂಸಿಯಂ ಇದೆ, ಅವನ ಸಮಾಧಿಯೂ ಅಲ್ಲೇ. ಎರಡರಲ್ಲಿ ಒಂದೇ ಅಂದರೆ ನಾನು ಮನೆಯನ್ನೇ ಆರಿಸುತ್ತೇನೆ. ಮ್ಯೂಸಿಯಮ್ಮಿನಲ್ಲಿ ಜನರ ಬೆನ್ನು ನೋಡಿದ್ದೇ ಜಾಸ್ತಿ.

ಇಲ್ಲಿಂದ ಮುಂದೆ ಕಾಪ್ ದೆ ಕ್ರೆಯುಸ್, ಐಬೀರಿಯಾ ಪರ್ಯಾಯ ದ್ವೀಪದ ತೀರಾ ಪೂರ್ವದ ತುದಿ. ತ್ರಾಮುಂತಾನಾ ಅನ್ನುವ ಉತ್ತರದ ಗಾಳಿ ಬೀಸಿದ ದಿನ ಕಾರಿನ ಬಾಗಿಲು ತೆಗೆಯುವಾಗ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಿ, ಸುಮ್ನೆ ಹೇಳುತ್ತಿಲ್ಲ. ಅದೇ ದಿನ ಪಲಾಫ್ರುಜೆಲ್ ಕಡೆಯ ಬೀಚುಗಳಲ್ಲಿ ಜನ ಆರಾಮಾಗಿ ಈಜುತ್ತಿರಬಹುದು. ಅಲ್ಲಿಗೂ ಇಲ್ಲಿಗೂ ಒಂದೂಕಾಲು ಗಂಟೆ ಅಷ್ಟೇ.

ಊಟದಲ್ಲಿ ನನಗೆ ಗೆದ್ದದ್ದು ಪಾ ಆಂಬ್ ತುಮಾಕೆತ್, ಅಂದರೆ ಟೊಮೆಟೊ ಉಜ್ಜಿದ ಬ್ರೆಡ್ಡು. ಪಲಾಫ್ರುಜೆಲ್‌ನ ಒಂದು ಸಣ್ಣ ಹೋಟೆಲಿನಲ್ಲಿ ಸುಟ್ಟ ಬ್ರೆಡ್ಡು, ಒಂದು ಇಡೀ ಟೊಮೆಟೊ, ಬೆಳ್ಳುಳ್ಳಿ ಎಸಳು, ಎಣ್ಣೆ, ಉಪ್ಪು ತಂದಿಟ್ಟು ಹೋದರು. ಮಾಡಿಕೊಳ್ಳೋದು ನಾವೇ. ಮೊದಲು ಬೆಳ್ಳುಳ್ಳಿ ಉಜ್ಜಬೇಕು, ಆಮೇಲೆ ಟೊಮೆಟೊ ಅರ್ಧ ಮಾಡಿ ಸಿಪ್ಪೆ ಮಾತ್ರ ಉಳಿಯುವ ತನಕ ಉಜ್ಜಬೇಕು, ಮೇಲೆ ಎಣ್ಣೆ, ಉಪ್ಪು. ಬೆಂಕಿಯಲ್ಲಿ ಸುಟ್ಟ ಬದನೆಕಾಯಿ, ದಪ್ಪ ಮೆಣಸಿನಕಾಯಿಯ ಎಸ್ಕಲಿವಾದಾನೂ ಚೆನ್ನ, ಆದರೆ ಮೇಲೆ ಆಂಚೊವಿ ಮೀನು ಹಾಕಿರುತ್ತಾರೆ, ಬೇಡ ಅಂತ ಮೊದಲೇ ಹೇಳಿ. ತರಕಾರಿ ಅನ್ನ ಅಂದರೂ ಅದು ಮೀನಿನ ಸಾರಿನಲ್ಲಿ ಬೆಂದಿರಬಹುದು, ಕೇಳಿ ನೋಡಿ. ನಮ್ಮನೆಯವರು ಪಲಾಮೋಸ್ ಊರಿನಲ್ಲಿ ಕೆಂಪು ಸಿಗಡಿ ತರಿಸಿದರು. ಕಾವಲಿಯ ಮೇಲೆ ಬರೀ ಉಪ್ಪು ಹಾಕಿ ಸುಟ್ಟದ್ದು. 'ಎಂಥ ಮಾರಾಯ್ತಿ, ಮಸಾಲೆಯೇ ಇಲ್ಲವಾ?' ಅಂದವರು ಆಮೇಲೆ ತಲೆ ಎತ್ತಲಿಲ್ಲ. ತೋಸ್ಸಾದ ಊಟದ ಬಗ್ಗೆ ಹೇಳುವಂಥದ್ದು ಏನಿಲ್ಲ. ಕದಾಕೆಸ್‌ನಲ್ಲಿ ರುಚಿ ಇದೆ, ಬಿಲ್ಲೂ ಇದೆ. ಎಲ್ಲಾ ಕಡೆಯೂ ಮಧ್ಯಾಹ್ನದ ಊಟ ಒಂದರ ಮೇಲೆ, ರಾತ್ರಿಯದು ಎಂಟೂವರೆ ಮೇಲೆ. ನಡುವೆ ಹಸಿವಾದರೆ ಕಾರಿನಲ್ಲಿರುವ ಚಕ್ಕುಲಿಯೇ ಗತಿ.

ನನ್ನನ್ನು ಕೇಳಿದರೆ ಹೆಚ್ಚಿನ ರಾತ್ರಿಗಳು ಪಲಾಫ್ರುಜೆಲ್‌ಗೆ, ಕೊನೆಗೊಂದು ರಾತ್ರಿ ಕದಾಕೆಸ್‌ಗೆ. ಅಲ್ಲಿ ನಿಲ್ಲಿಸಿದ ಕಾರನ್ನು ಹೊರಡುವವರೆಗೆ ಮುಟ್ಟಬೇಡಿ, ಪೋರ್ತ್‌ಯಿಗಾತ್‌ಗೂ ನಡೆದೇ ಹೋಗಬಹುದು. ತೋಸ್ಸಾಗೆ ಮಧ್ಯಾಹ್ನ ಹೋಗಿ ಕೋಟೆ ನೋಡಿ, ಆ ರಸ್ತೆ ಹಿಡಿದು ವಾಪಸ್ ಬನ್ನಿ. ನವೆಂಬರ್ ಹೊತ್ತಿಗೆ ಬೀಚಿನ ಪಕ್ಕದ ಎಷ್ಟೋ ಹೋಟೆಲು ಬಾಗಿಲು ಹಾಕುತ್ತವೆ, ಆಗಲೂ ಪಲಾಫ್ರುಜೆಲ್ ಎಂದಿನಂತೆ ನಡೆಯುತ್ತಿರುತ್ತದೆ.

ನಮ್ಮನೆಯವರ ವೋಟು ಮಾತ್ರ ಪೂರ್ತಿ ಕದಾಕೆಸ್‌ಗೇ. ಕಾರಣ ಕೇಳಿದರೆ, 'ನೀನು ನನ್ನ ಮ್ಯಾಪಿಗೆ ಬೈಯದೇ ಇದ್ದದ್ದು ಅಲ್ಲೊಂದೇ ಕಡೆ' ಅನ್ನುತ್ತಾರೆ.