ಮಡಚುವ ಮಗು ಸೊಳ್ಳೆಪರದೆ: ಹಗಲು ನಿದ್ದೆಗೆ ಬೇಕೇ ಬೇಕು, ಆದರೆ ನೋಡಿ ಕೊಳ್ಳಿ

ಸೊಳ್ಳೆಪರದೆಯನ್ನು ರಾತ್ರಿಯ ಸಾಮಾನು ಎಂದುಕೊಂಡವರೇ ಹೆಚ್ಚು. ಡೆಂಗಿ, ಚಿಕೂನ್‌ಗುನ್ಯಾ ಎರಡನ್ನೂ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ. ಎಣ್ಣೆನೀರು ಮುಗಿಸಿ ಕೂಸು ಮಲಗುವ ಹೊತ್ತೇ ಅದಕ್ಕೂ ಊಟದ ಹೊತ್ತು. 2 ತಿಂಗಳೊಳಗಿನ ಮಗುವಿಗೆ ಡೀಟ್ ಎಂಬ ಸೊಳ್ಳೆ ಓಡಿಸುವ ರಾಸಾಯನಿಕ ಇರುವ ಲೋಷನ್ ಹಚ್ಚುವಂತಿಲ್ಲ. ನಿಂಬೆ ನೀಲಗಿರಿ ಎಣ್ಣೆ 3 ವರ್ಷದವರೆಗೂ ಬೇಡ. ಉಳಿಯುವುದು ಪರದೆ. ಛತ್ರಿಯಂತೆ ಬಿಚ್ಚುವ ಈ ಪರದೆಗಳು ಹೆಚ್ಚಾಗಿ 1,000 ರೂಪಾಯಿಯೊಳಗೇ ಸಿಗುತ್ತವೆ.

ಕೊಳ್ಳುವಾಗ ಗೊಂಬೆ ಚಿತ್ರ ಬಿಡಿ, ಬಲೆಯ ಕಣ್ಣು ಎಣಿಸಿ. ಬಲೆಯ ಮೇಲೆ ಸ್ಕೇಲ್ ಇಟ್ಟರೆ ಒಂದು ಇಂಚಿಗೆ ಉದ್ದಕ್ಕೆ 12, ಅಡ್ಡಕ್ಕೆ 13 ತೂತು, ಅಂದರೆ ಚದರ ಇಂಚಿಗೆ 156 ಇರಬೇಕು. ಬೆರಳಲ್ಲಿ ಎಳೆದಾಗ ನೂಲು ಜರುಗಿ ತೂತು ಅಗಲವಾದರೆ ಅಲ್ಲೇ ಬಿಟ್ಟು ಬನ್ನಿ.

ಅಡಿಭಾಗವಿಲ್ಲದ ಮಾದರಿ ಮಗುಚಿಕೊಳ್ಳಲು ಕಲಿಯುವತನಕ ಸಾಕು. ಆಮೇಲೆ ಕೂಸು ಕಾಲಲ್ಲಿ ಒದ್ದರೆ ಅಂಚು ಎದ್ದುಬಿಡುತ್ತದೆ. ತಳವೂ ಜಿಪ್ಪೂ ಇರುವುದು ವಾಸಿ, ಆದರೆ ಜಿಪ್ ಮುಗಿಯುವ ಮೂಲೆಯಲ್ಲಿ ಬೆರಳು ತೂರುವಷ್ಟು ಸಂದು ಬಿಟ್ಟಿರುತ್ತಾರೆ. ಎರಡು ಹೊಲಿಗೆ ಹಾಕಿ ಮುಚ್ಚಿ. ಜೊತೆಗೆ ಕೊಡುವ ಮೆತ್ತನೆ ದಿಂಬು ಪುಟ್ಟ ಕೂಸಿಗೆ ಉಸಿರುಕಟ್ಟಿಸುವ ವಸ್ತು, ತೆಗೆದಿಡಿ. ಗಟ್ಟಿ ಹಾಸಿಗೆ ಹಾಸಿ. ಕಡ್ಡಿಯ ತುದಿಯ ಪ್ಲಾಸ್ಟಿಕ್ ಟೊಪ್ಪಿ ಕಳಚಿದರೆ ಚೂಪು ಹೊರಬರುತ್ತದೆ, ವಾರಕ್ಕೊಮ್ಮೆ ಮುಟ್ಟಿ ನೋಡಿ.

ಬಹಳ ಮನೆಗಳಲ್ಲಿ ತಪ್ಪುವುದು ಅಳತೆ. ಕೈಕಾಲು ಬಲೆಗೆ ತಾಗಿಕೊಂಡಿದ್ದರೆ ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ; ಈ ಪರದೆಗಳಿಗೆ ಸಾಮಾನ್ಯವಾಗಿ ಕೀಟನಾಶಕದ ಲೇಪ ಇರುವುದಿಲ್ಲ. ಸುತ್ತ ಒಂದು ಗೇಣು ಖಾಲಿ ಇರಲಿ. ಮಡಚಿ ಮಂಚದ ಕೆಳಗೆ ತಳ್ಳಿದ ಪರದೆಯ ಮಡಿಕೆಯಲ್ಲಿ ಈಡಿಸ್ ಹಾಯಾಗಿ ಕೂತಿರುತ್ತದೆ, ಕೊಡವದೆ ಬಿಚ್ಚಿದರೆ ಮಗುವನ್ನೂ ಸೊಳ್ಳೆಯನ್ನೂ ಒಂದೇ ಗೂಡಿಗೆ ಹಾಕಿದಂತೆ. ಬೆಳಕು ತಡೆಯಲೆಂದು ಮೇಲೆ ಸೀರೆ ಹೊದಿಸಬೇಡಿ, ಗಾಳಿ ನಿಲ್ಲುತ್ತದೆ.

ತೊಟ್ಟಿಲಿಗೆ, ಜೋಲಿಗೆ ಇದು ಕೂರುವುದಿಲ್ಲ; ಎಲಾಸ್ಟಿಕ್ ಅಂಚಿನ ಬಲೆ ಬೇರೆ ಸಿಗುತ್ತದೆ. ಸೊಳ್ಳೆ ಓಡಿಸುತ್ತದೆಂದು ಮಾರುವ ಕೈಪಟ್ಟಿಗೆ ದುಡ್ಡು ಸುರಿಯುವುದಕ್ಕಿಂತ ಅದು ಲೇಸು.

ಮನೆಯಲ್ಲಿ ಡೆಂಗಿ ಜ್ವರದ ಮಗುವಿದ್ದರೆ ಅದನ್ನೂ ಹಗಲು ಪರದೆಯೊಳಗೇ ಮಲಗಿಸಿ. ಜ್ವರದ ಮೊದಲ ದಿನಗಳಲ್ಲಿ ಆ ರಕ್ತ ಕುಡಿದ ಸೊಳ್ಳೆಯೇ ಮುಂದೆ ಆ ಮಗುವಿನ ತಮ್ಮ, ತಂಗಿಯರಿಗೆ ವೈರಸ್ ಒಯ್ಯುವುದು. ಮಗು ಹಿಡಿದು ನಿಲ್ಲತೊಡಗಿದ ದಿನ ಈ ಛತ್ರಿಯ ಆಯಸ್ಸು ಮುಗಿಯಿತು. ಹಾಸಿಗೆಯಡಿ ಅಂಚು ಸಿಕ್ಕಿಸುವ ದೊಡ್ಡ ಪರದೆ ಕಟ್ಟಿ.