ಟೇಪ್ ಎಕೋ ಮನೆಯಲ್ಲೇ ಕಟ್ಟೋದಾದರೆ: ಕ್ಯಾಸೆಟ್, ಬಿಬಿಡಿ, ಪಿಟಿ2399

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪಿಟಿ2399 ಅನ್ನುವ ಎಕೋ ಚಿಪ್ಪಿಗೆ. ಗಿಟಾರಿಗೆ ಟೇಪ್ ಎಕೋ ತರಹದ ಡಿಲೇ ಪೆಡಲ್ (ನುಡಿಸಿದ್ದನ್ನು ಸ್ವಲ್ಪ ತಡವಾಗಿ ಮತ್ತೆ ಕೇಳಿಸುವ ಪೆಟ್ಟಿಗೆ) ಕೈಯಾರೆ ಕಟ್ಟಬೇಕು ಅನ್ನುವವರು ಈ ಚಿಪ್ಪಿನಿಂದಲೇ ಶುರು ಮಾಡಿ. ನಾನು ನಿಜವಾದ ಕ್ಯಾಸೆಟ್ ಟೇಪಿನದೂ ಕಟ್ಟಿದ್ದೇನೆ, ಸಿಗ್ನಲನ್ನು ಬಕೆಟ್ಟಿನಿಂದ ಬಕೆಟ್ಟಿಗೆ ಸುರಿದಂತೆ ಹಂತ ಹಂತವಾಗಿ ಸಾಗಿಸುವ ಬಕೆಟ್ ಬ್ರಿಗೇಡ್ (ಬಿಬಿಡಿ) ಚಿಪ್ಪಿನದೂ ಕಟ್ಟಿದ್ದೇನೆ. ಅವೆರಡೂ ಈಗ ಕಪಾಟಿನಲ್ಲಿವೆ. ಪೆಡಲ್‌ಬೋರ್ಡ್ ಮೇಲೆ ಉಳಿದಿರುವುದು ಪಿಟಿ2399 ಒಂದೇ.

ನನಗೆ ಬೇಕಿದ್ದದ್ದು ಎಕೋಪ್ಲೆಕ್ಸ್, ರೋಲ್ಯಾಂಡ್ ಆರ್‌ಇ-201 ಇಂಥ ಹಳೇ ಟೇಪ್ ಎಕೋ ಯಂತ್ರಗಳ ಗುಣ. ಮೂರು ವಿಷಯ ಮುಖ್ಯ. ಪ್ರತಿ ರಿಪೀಟೂ ಹಿಂದಿನದಕ್ಕಿಂತ ಸ್ವಲ್ಪ ಮಂದವಾಗಬೇಕು. ಸ್ವರ ಚೂರೇ ಚೂರು ಅಲುಗಬೇಕು, ಯಾಕೆಂದರೆ ಟೇಪ್ ಯಾವತ್ತೂ ಒಂದೇ ವೇಗದಲ್ಲಿ ಓಡುವುದಿಲ್ಲ. ಟೈಮ್ ನಾಬ್ ತಿರುಗಿಸಿದರೆ ಶ್ರುತಿ ಜಾರಬೇಕು. ಈ ಮೂರೂ ಇಲ್ಲದ ಡಿಲೇ ಎಷ್ಟೇ ಸ್ವಚ್ಛವಾಗಿದ್ದರೂ ನನಗೆ ಬೇಡ.

ಕ್ಯಾಸೆಟ್ಟಿನಿಂದ ಶುರು ಮಾಡೋಣ. ಲೆಕ್ಕ ತುಂಬಾ ಸುಲಭ. ಕ್ಯಾಸೆಟ್ ಟೇಪ್ ಸೆಕೆಂಡಿಗೆ 4.76 ಸೆಂ.ಮೀ. ಓಡುತ್ತದೆ. ರೆಕಾರ್ಡ್ ಹೆಡ್ಡಿಗೂ ಪ್ಲೇ ಹೆಡ್ಡಿಗೂ ಮಧ್ಯೆ 2 ಸೆಂ.ಮೀ. ಇದ್ದರೆ ಸುಮಾರು 420 ಮಿಲಿಸೆಕೆಂಡ್ ಡಿಲೇ ಸಿಕ್ಕಿತು ಅಂತ. ಹಳೇ ಟೂ-ಇನ್-ಒನ್ ಬಿಚ್ಚಿ, ಎರೇಸ್ ಹೆಡ್ ಇದ್ದ ಜಾಗದಲ್ಲಿ ರೆಕಾರ್ಡ್ ಹೆಡ್ ಕೂರಿಸಿದೆ. ಕ್ಯಾಸೆಟ್ ಒಳಗೆ ಟೇಪಿನ ಲೂಪ್ ಹಾಕಿದೆ. ಹಳೆಯ ರಿಪೀಟ್ ಅಳಿಸಲು ಒಂದು ಪುಟ್ಟ ಮ್ಯಾಗ್ನೆಟ್. ಮೊದಲ ಸಲ ಸ್ಪೀಕರಿನಿಂದ ಎಕೋ ಬಂದಾಗ ಮೈ ಜುಮ್ಮೆಂದಿತು, ಸುಳ್ಳು ಹೇಳಲ್ಲ.

ಆಮೇಲೆ ಶುರುವಾಯಿತು ಕಾಟ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಫೆಲ್ಟ್ ತುಂಡು ಕ್ಯಾಸೆಟ್ಟಿನ ನಡುವಿನ ಕಿಂಡಿಯಲ್ಲಿ ಮಾತ್ರ ಇರುತ್ತದೆ. ಪಕ್ಕದ ಕಿಂಡಿಯಲ್ಲಿ ಇಲ್ಲ. ಅಲ್ಲಿ ಟೇಪ್ ಸರಿಯಾಗಿ ತಾಗದೆ ಸದ್ದು ಕಂಬಳಿ ಹೊದ್ದ ಹಾಗೆ ಬರುತ್ತಿತ್ತು. ಬೇರೆ ಫೆಲ್ಟ್ ಅಂಟಿಸಿ ಅದನ್ನು ಸರಿ ಮಾಡಬಹುದು. ಲೂಪಿನ ಜೋಡಣೆ ಹೆಡ್ ದಾಟುವಾಗಲೆಲ್ಲ ಬರುವ ‘ಟಕ್’ ಸದ್ದನ್ನೂ ಸಹಿಸಬಹುದು. ಆದರೆ ಮೋಟಾರಿನ ಗುಂಯ್ ಅನ್ನುವ ಸದ್ದು ಪ್ಲೇ ಹೆಡ್ಡಿಗೆ ಹತ್ತಿಕೊಂಡರೆ ಬಿಡಿಸುವುದು ಕಷ್ಟ. ಅದರ ಮೇಲೆ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸುತ್ತಲೇ ಇರಬೇಕು. ಮನೆಯಲ್ಲಿ ರೆಕಾರ್ಡಿಂಗ್ ಮಾಡುವವರಿಗೆ ಇದು ಚಿನ್ನ. ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ ನುಡಿಸುವವರಿಗೆ ಅಲ್ಲ.

ಬಿಬಿಡಿ ಸದ್ದು ಚೆನ್ನಾಗಿದೆ. ಇದರಲ್ಲಿ ಅನುಮಾನವೇ ಇಲ್ಲ. ನಾನು ಹಾಕಿದ್ದು ವಿ3205, ಅಂದರೆ 4096 ಹಂತಗಳ ಚಿಪ್. 300 ಮಿಲಿಸೆಕೆಂಡ್ ಬೇಕಾದರೆ ಇದರ ಕ್ಲಾಕ್ (ಸಿಗ್ನಲನ್ನು ಹಂತದಿಂದ ಹಂತಕ್ಕೆ ದೂಡುವ ತಾಳ) 7 ಕಿಲೋಹರ್ಟ್ಸ್‌ಗಿಂತ ಕೆಳಗೆ ಇಳಿಯುತ್ತದೆ. ಅದು ಕಿವಿಗೆ ಶಿಳ್ಳೆಯ ಹಾಗೆ ಕೇಳುವ ಜಾಗ. ಹಾಗಾಗಿ 3 ಕಿಲೋಹರ್ಟ್ಸ್ ಆಸುಪಾಸಿಗೇ ಫಿಲ್ಟರ್ ಕತ್ತರಿ ಹಾಕಬೇಕು. ಆ ಬೆಚ್ಚಗಿನ ಸದ್ದು ಬರುವುದೂ ಅದರಿಂದಲೇ. ಜೊತೆಗೆ ಕ್ಲಾಕ್ ಚಿಪ್ ಬೇರೆ, ಹಿಸ್ (ಹಿನ್ನೆಲೆಯ ಸುಯ್ ಸದ್ದು) ತಡೆಯಲು ಕಂಪಾಂಡರ್ ಚಿಪ್ ಬೇರೆ. ಬಯಾಸ್ ಟ್ರಿಮ್‌ಪಾಟನ್ನು (ಚಿಪ್ಪಿನ ವೋಲ್ಟೇಜ್ ಹದ ಮಾಡುವ ಪುಟ್ಟ ತಿರುಪು) ಆಸಿಲೋಸ್ಕೋಪ್, ಅಂದರೆ ಸಿಗ್ನಲ್ಲಿನ ಅಲೆ ತೋರಿಸುವ ಯಂತ್ರ, ಇಲ್ಲದೆ ಬರೀ ಕಿವಿಯಲ್ಲಿ ಕೂರಿಸುವುದು ತಲೆನೋವು. ಹಳೆಯ ಬಿಬಿಡಿ ಚಿಪ್ ಎಂಎನ್3005 ಅಂತ ದುಬಾರಿ ಬೆಲೆ ಕೊಟ್ಟು ತರಿಸಿದ ಚಿಪ್ಪಿನಿಂದ ಸಿಗ್ನಲ್ಲೇ ಬರಲಿಲ್ಲ. ಮೇಲಿನ ಅಕ್ಷರ ಉಜ್ಜಿ ಹೊಸದಾಗಿ ಬರೆದದ್ದು ಬೆಳಕಿಗೆ ಹಿಡಿದರೆ ಕಾಣುತ್ತಿತ್ತು. ದುಡ್ಡು ವಾಪಸ್ ಬರಲಿಲ್ಲ.

ಎಫ್‌ವಿ-1 ಡಿಜಿಟಲ್ ಚಿಪ್ಪನ್ನೂ ಗೆಳೆಯನ ಬೋರ್ಡಿನಲ್ಲಿ ನುಡಿಸಿ ನೋಡಿದೆ. ಒಂದು ಸೆಕೆಂಡ್ ಡಿಲೇ, ಹಿಸ್ಸೂ ಇಲ್ಲ ಗದ್ದಲವೂ ಇಲ್ಲ. ಪ್ರೋಗ್ರಾಂ ಬರೆಯಲು ಇಷ್ಟ ಇರುವವರಿಗೆ ಸರಿ.

ಈಗ ಪಿಟಿ2399. ಇದು ಗಿಟಾರಿಗೆ ಅಂತ ಮಾಡಿದ ಚಿಪ್ ಅಲ್ಲವೇ ಅಲ್ಲ. ಕ್ಯಾರಿಯೋಕಿ ಯಂತ್ರ, ಮೈಕ್ ಎಕೋ ಇಂಥದ್ದಕ್ಕೆ ಬಂದದ್ದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚಿಪ್ ನಂಬರ್ ಗೊತ್ತಿಲ್ಲದ ಅಂಗಡಿಯವರಿಗೂ ‘ಎಕೋ ಬೋರ್ಡ್’ ಅಂದರೆ ಗೊತ್ತಾಗುತ್ತದೆ. ಬಿಡಿ ಚಿಪ್ ಒಂದು ಮಸಾಲೆ ದೋಸೆ ದುಡ್ಡಿಗೆ ಸಿಗುತ್ತದೆ. 6ನೇ ಪಿನ್ನಿಂದ ಗ್ರೌಂಡಿಗೆ ಎಷ್ಟು ರೆಸಿಸ್ಟೆನ್ಸ್ ಇದೆಯೋ ಅದರ ಮೇಲೆ ಡಿಲೇ ಸಮಯ ನಿಂತಿದೆ. 27.6 ಕಿಲೋ ಓಮ್ ಹಾಕಿದರೆ 342 ಮಿಲಿಸೆಕೆಂಡ್. ರೆಸಿಸ್ಟೆನ್ಸ್ ಬದಲಾದರೆ ಚಿಪ್ಪಿನ ಕ್ಲಾಕೇ ನಿಧಾನ ಅಥವಾ ಜೋರಾಗುತ್ತದೆ. ಹಾಗಾಗಿ ನಾಬ್ ತಿರುಗಿಸಿದರೆ ಶ್ರುತಿ ಟೇಪಿನಲ್ಲಿ ಜಾರಿದಂತೆಯೇ ಜಾರುತ್ತದೆ. ಮೂರರಲ್ಲಿ ಒಂದು ಗುಣ ಪುಕ್ಕಟೆ ಸಿಕ್ಕಿತು ಅಲ್ವಾ?

ರಿಪೀಟ್ ಮಂದ ಮಾಡಲು, ಅದನ್ನು ಮತ್ತೆ ಒಳಗೆ ಕಳಿಸುವ ಫೀಡ್‌ಬ್ಯಾಕ್ ದಾರಿಯಲ್ಲಿ 10 ಕಿಲೋ ಓಮ್ ರೆಸಿಸ್ಟರ್, ಗ್ರೌಂಡಿಗೆ 4.7 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿದೆ. 3.4 ಕಿಲೋಹರ್ಟ್ಸ್ ಮೇಲಿನದು ಸುತ್ತು ಸುತ್ತಿಗೂ ಸವೆಯುತ್ತದೆ. ಅಲುಗಾಟಕ್ಕೆ ಒಂದು ಎಲ್‌ಎಂ324 ಚಿಪ್ ಸಾಕು. ಅದರಲ್ಲಿರುವ ನಾಲ್ಕು ಆಪ್-ಆಂಪ್‌ಗಳಿಂದ ಎರಡು ಟ್ರಯಾಂಗಲ್ ಎಲ್‌ಎಫ್‌ಒ (ನಿಧಾನಕ್ಕೆ ಏರಿಳಿಯುವ ಅಲೆ ಹುಟ್ಟಿಸುವ ಸರ್ಕ್ಯೂಟ್) ಮಾಡಬಹುದು. ಒಂದು ಸೆಕೆಂಡಿಗೆ ಒಂದು ಸಲ ನಿಧಾನಕ್ಕೆ ತೂಗುತ್ತದೆ, ಇನ್ನೊಂದು ಐದು ಸಲ ನಡುಗುತ್ತದೆ. ಎರಡೂ ತಾಳ ಕೂಡದೆ ಓಡುವುದರಿಂದ ಅಲುಗಾಟ ಯಂತ್ರದ ಹಾಗೆ ಕೇಳುವುದಿಲ್ಲ. ಅವುಗಳಿಂದ 6ನೇ ಪಿನ್ನಿಗೆ 1 ಮೆಗಾ ಓಮ್ ರೆಸಿಸ್ಟರ್ ಹಾಕಿದಾಗ ಶ್ರುತಿ ತೀರಾ ಅಲ್ಲಾಡಿತು. 2.2 ಮೆಗಾ ಓಮ್ ಸರಿಯಾಯಿತು. ಎಲ್‌ಎಫ್‌ಒಗೆ ಹೋಗುವ ಸಪ್ಲೈ ದಾರಿಯಲ್ಲಿ 100 ಓಮ್, 100 ಮೈಕ್ರೋಫ್ಯಾರಡ್ ಹಾಕಿ. ಇಲ್ಲದಿದ್ದರೆ ಟಿಕ್ ಟಿಕ್ ಕೇಳುತ್ತದೆ.

ಈ ಚಿಪ್ಪಿನ ಒಂದೇ ಒಂದು ಕಿರಿಕಿರಿ ಇದೆ. ಅದನ್ನು ವಿವರವಾಗಿ ಹೇಳಲೇಬೇಕು. ಮನೆಯಲ್ಲಿ ಚೆನ್ನಾಗಿ ಕೆಲಸ ಮಾಡಿದ ಪೆಡಲ್ ಪ್ರಾಕ್ಟೀಸ್ ರೂಮಿನಲ್ಲಿ ಒಮ್ಮೊಮ್ಮೆ ಸುಮ್ಮನಾಗಿಬಿಡುತ್ತಿತ್ತು. ಗಿಟಾರಿನ ನೇರ ಸದ್ದು ಬರುತ್ತದೆ, ರಿಪೀಟ್ ಮಾತ್ರ ಇಲ್ಲ. ಪ್ಲಗ್ ಕಿತ್ತು, ನಾಬ್ ಆಚೀಚೆ ತಿರುಗಿಸಿ, ಮತ್ತೆ ಹಾಕಿದರೆ ಏನೂ ಆಗೇ ಇಲ್ಲ ಅನ್ನುವಂತೆ ಶುರು. ಇಂಥ ಕಾಯಿಲೆ ನೋಡಿದರೆ ಯಾರಿಗಾದರೂ ಮೊದಲು ಅನುಮಾನ ಬರುವುದು ಸೋಲ್ಡರ್ ಮೇಲೆ. ಎಲ್ಲ ಜಾಯಿಂಟೂ ಮತ್ತೆ ಕಾಯಿಸಿದೆ. ಜ್ಯಾಕ್ ಬದಲಾಯಿಸಿದೆ. ಸ್ವಿಚ್ಚನ್ನೂ ಬದಲಾಯಿಸಿದೆ. ಊಹೂಂ.

ಕಾರಣ ಇದ್ದದ್ದು 6ನೇ ಪಿನ್ನಿನಲ್ಲೇ. ಪವರ್ ಬರುವ ಹೊತ್ತಿಗೆ ಆ ಪಿನ್ನಿಗೂ ಗ್ರೌಂಡಿಗೂ ನಡುವೆ ರೆಸಿಸ್ಟೆನ್ಸ್ ತೀರಾ ಕಡಿಮೆ ಇದ್ದರೆ ಚಿಪ್ ಏಳುವುದೇ ಇಲ್ಲ, ಅಲ್ಲೇ ಕಚ್ಚಿಕೊಳ್ಳುತ್ತದೆ. ಅಂದರೆ ಡಿಲೇ ನಾಬ್ ಅತಿ ಕಡಿಮೆಗೆ ಇಟ್ಟು ಪವರ್ ಕೊಟ್ಟಾಗ ಮಾತ್ರ ಈ ತೊಂದರೆ. ರಿಪೇರಿ ಅಂತ ಕೈ ಹಾಕುವಾಗ ನಾಬ್ ಅಲುಗಿರುತ್ತದೆ, ಕಾಯಿಲೆ ಮಾಯ! ಮನೆಯಲ್ಲಿ ನಾನು ನಾಬ್ ನಡುವಿನಲ್ಲೇ ಇಟ್ಟು ನುಡಿಸುತ್ತೇನೆ. ಬ್ಯಾಗಿನಲ್ಲಿ ಕೂತು ಬರುವಾಗ ನಾಬ್ ಎಲ್ಲಿಗೆ ತಿರುಗಿರುತ್ತದೋ ಯಾರಿಗೆ ಗೊತ್ತು.

ಪಾಟ್ (ನಾಬ್ ತಿರುಗಿಸಿದಂತೆ ಬದಲಾಗುವ ರೆಸಿಸ್ಟರ್) ಜೊತೆ ಸಾಲಿನಲ್ಲಿ 2.7 ಕಿಲೋ ಓಮ್ ಕಾಯಂ ರೆಸಿಸ್ಟರ್ ಹಾಕಿದರೆ ಬಹುಪಾಲು ಸರಿಹೋಗುತ್ತದೆ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಪಾಟಿನ ಗ್ರೌಂಡ್ ಕಡೆಗೆ ಒಂದು ಬಿಸಿ547 ಟ್ರಾನ್ಸಿಸ್ಟರ್ ಇಟ್ಟೆ. ಅದರ ಬೇಸಿಗೆ 5 ವೋಲ್ಟಿನಿಂದ 100 ಕಿಲೋ ಓಮ್, ಬೇಸಿನಿಂದ ಗ್ರೌಂಡಿಗೆ 47 ಮೈಕ್ರೋಫ್ಯಾರಡ್. ಕೆಪಾಸಿಟರ್ ತುಂಬುವ ಅರ್ಧ ಸೆಕೆಂಡ್ ಪಾಟ್ ಗ್ರೌಂಡಿಗೆ ಸೇರುವುದೇ ಇಲ್ಲ. ಅಷ್ಟರಲ್ಲಿ ಚಿಪ್ ಎದ್ದು ಕೂತಿರುತ್ತದೆ. ಖರ್ಚು ಹತ್ತು ರೂಪಾಯಿ ಒಳಗೆ. ಪವರ್ ಆಫ್ ಮಾಡಿದರೆ ಕೆಲವು ಸೆಕೆಂಡ್ ಬಿಟ್ಟು ಆನ್ ಮಾಡಿ, ಅಷ್ಟೇ. ಅವತ್ತಿನಿಂದ ಆ ಪೆಡಲ್ ಕೈ ಕೊಟ್ಟಿಲ್ಲ.

ನಾನು ನುಡಿಸುವುದು ನಿಧಾನದ ಟ್ಯೂನುಗಳು, ಡಿಲೇ 300ರಿಂದ 350 ಮಿಲಿಸೆಕೆಂಡ್, ರಿಪೀಟ್ ಎರಡೋ ಮೂರೋ. ಪಿಟಿ2399ಗೆ ಇದು ಹೇಳಿ ಮಾಡಿಸಿದ ಜಾಗ. ಅರ್ಧ ಸೆಕೆಂಡ್ ದಾಟಿದರೆ ಹಿಸ್ಸು, ಒರಟುತನ ಎರಡೂ ಜಾಸ್ತಿ. ಉದ್ದನೆಯ ಡಿಲೇ ಬೇಕಾದವರು ಎಫ್‌ವಿ-1 ಕಡೆ ಹೋಗಿ. ಮನೆಯಲ್ಲಿ ಆಸಿಲೋಸ್ಕೋಪ್ ಇದ್ದು, ಕೈಯಲ್ಲಿ ದುಡ್ಡೂ ಇದ್ದರೆ ಬಿಬಿಡಿ ಕಟ್ಟಿ, ಖುಷಿಪಡುತ್ತೀರಿ.

ಪಿಟಿ2399 ತರುವವರು ಒಂದರ ಬದಲು ಮೂರು ನಾಲ್ಕು ಚಿಪ್ ತನ್ನಿ. ಬೋರ್ಡಿಗೆ ನೇರ ಸೋಲ್ಡರ್ ಮಾಡಬೇಡಿ, 16 ಪಿನ್ನಿನ ಸಾಕೆಟ್ ಹಾಕಿ. ಒಂದೇ ಅಂಗಡಿಯ ಚಿಪ್ಪುಗಳಲ್ಲೂ ಕೆಲವು ಜಾಸ್ತಿ ಹಿಸ್ ಮಾಡುತ್ತವೆ. ಒಂದೊಂದನ್ನೇ ಹಾಕಿ ಕೇಳಿ, ಕಿವಿಗೆ ಹಿಡಿಸಿದ್ದನ್ನು ಉಳಿಸಿಕೊಳ್ಳಿ.